“ಆ ಕಲ್ಲನ್ನು ವಾಪಸ್ ಇಡೋಕಾಗುತ್ತಾ?”: ಹಲ್ಲು ಕ್ಲೀನಿಂಗಿನ ಒಂದು ಪ್ರಕರಣ

ಅವರು ನನ್ನ ಕ್ಲಿನಿಕ್ಕಿಗೆ ಬಂದದ್ದು ಹಲ್ಲು ಬೆಳ್ಳಗಾಗಲಿ ಎಂದು. ಮಗಳ ನಿಶ್ಚಿತಾರ್ಥಕ್ಕೆ ಐದು ವಾರ ಉಳಿದಿತ್ತು. “ಪಾಚಿ ಜಾಸ್ತಿ ಕಟ್ಟಿದೆ ಡಾಕ್ಟ್ರೇ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ, ಕ್ಲೀನ್ ಮಾಡಿಕೊಡಿ” ಎಂದರು. ವಯಸ್ಸು ನಲವತ್ತು ದಾಟಿದೆ. ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಹಿಪ್ಪುನೇರಳೆ ತೋಟ, ವರ್ಷವಿಡೀ ರೇಷ್ಮೆ ಹುಳು ಸಾಕಣೆ. ತವರು ಬಾಗೇಪಲ್ಲಿ ಕಡೆ. ಹೆಸರು ಬೇಡ. ಕ್ಲಿನಿಕ್ಕಿನಲ್ಲಿ ಅಕ್ಕ ಎಂದೇ ಕರೆಯುತ್ತೇನೆ, ಇಲ್ಲೂ ಹಾಗೇ ಇರಲಿ. ಗುರುತು ಸಿಗಬಾರದೆಂದು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬಾಯಿಯೊಳಗೆ ಏನಿತ್ತು, ನಾನು ಯಾವ ತೀರ್ಮಾನ ಮಾಡಿದೆ, ಎಲ್ಲಿ ತಪ್ಪಿದೆ ಎಂಬುದನ್ನು ಬದಲಿಸಿಲ್ಲ. ಬರೆಯಲು ಅಕ್ಕನ ಒಪ್ಪಿಗೆ ಇದೆ.

ಬಾಯಲ್ಲಿ ಕಂಡದ್ದು

ಬಾಯಿ ತೆರೆಸಿ ನೋಡಿದಾಗ ಅಲ್ಲಿ ಎರಡು ಬೇರೆ ಬೇರೆ ತೊಂದರೆಗಳಿದ್ದವು. ಅಕ್ಕನ ಪಾಲಿಗೆ ಎರಡೂ ಪಾಚಿಯೇ. ನಮ್ಮ ಕಡೆ ತೆಲುಗು ಆಡುವ ಮನೆಗಳಲ್ಲಿ ‘ಗಾರ’ ಎನ್ನುತ್ತಾರೆ. ಹಲ್ಲಿಗೆ ಬಣ್ಣ ಹಿಡಿದರೂ ಗಾರ, ಕಲ್ಲು ಕಟ್ಟಿದರೂ ಗಾರ. ಹೆಸರು ಒಂದೇ ಆದ್ದರಿಂದ ಚಿಕಿತ್ಸೆಯೂ ಒಂದೇ ಎಂದು ಜನ ಅಂದುಕೊಳ್ಳುತ್ತಾರೆ.

ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆ. ಅಲ್ಲಲ್ಲಿ ಸುಣ್ಣದಂಥ ಬಿಳಿ ಮಚ್ಚೆ. ಎಡಕ್ಕೂ ಬಲಕ್ಕೂ ಒಂದೇ ಥರ. ಕೆರೆದು ನೋಡಿದರೆ ಏನೂ ಏಳುವುದಿಲ್ಲ. ಇದು ಫ್ಲೋರೋಸಿಸ್. ಬಾಗೇಪಲ್ಲಿ ಸುತ್ತಮುತ್ತ ಎಷ್ಟೋ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಮಕ್ಕಳು ಎಂಟು ವರ್ಷದೊಳಗೆ ಕುಡಿದರೆ, ದವಡೆಯೊಳಗೆ ಇನ್ನೂ ಬೆಳೆಯುತ್ತಿರುವ ಹಲ್ಲಿನ ಎನಾಮಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹುಟ್ಟಿದ ಮೇಲೆ ಆ ಜಾಗ ಬಣ್ಣ ಹೀರಿಕೊಳ್ಳುತ್ತದೆ. ಅಕ್ಕನ ಹಲ್ಲಿನ ಮೇಲಿದ್ದದ್ದು ತವರಿನ ನೀರಿನ ಗುರುತು. ಅದು ಹಲ್ಲಿನ ಒಳಗೇ ಇರುವ ಬಣ್ಣ. ಎಷ್ಟು ಕ್ಲೀನ್ ಮಾಡಿದರೂ ಹೋಗುವುದಿಲ್ಲ.

ನಿಜವಾದ ಕಲ್ಲು ಇದ್ದದ್ದು ಕನ್ನಡಿಯಲ್ಲಿ ಕಾಣದ ಕಡೆ. ಕೆಳಗಿನ ಮುಂದಿನ ಆರು ಹಲ್ಲುಗಳ ಹಿಂದೆ, ನಾಲಿಗೆಯ ಪಕ್ಕ. ಆರೂ ಹಲ್ಲನ್ನು ಸೇರಿಸಿ ಹಳದಿ ಕಟ್ಟೆ ಕಟ್ಟಿದ ಹಾಗಿತ್ತು. ಮೇಲಿನ ದವಡೆ ಹಲ್ಲುಗಳ ಕೆನ್ನೆ ಕಡೆಯೂ ಇತ್ತು. ಈ ಎರಡು ಜಾಗದಲ್ಲೇ ಕಲ್ಲು ಬೇಗ ಕಟ್ಟುವುದಕ್ಕೆ ಕಾರಣವಿದೆ. ಜೊಲ್ಲಿನ ಗ್ರಂಥಿಗಳ ಬಾಯಿ ತೆರೆಯುವುದು ಅಲ್ಲೇ. ಜೊಲ್ಲಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಇರುತ್ತದೆ. ಹಲ್ಲಿನ ಮೇಲೆ ದಿನಾ ಕೂರುವ ಬ್ಯಾಕ್ಟೀರಿಯಾದ ಮೆತ್ತನೆಯ ಪದರವನ್ನು ಉಜ್ಜಿ ತೆಗೆಯದೆ ಬಿಟ್ಟರೆ ಒಂದು, ಎರಡು, ಮೂರು ದಿನದಲ್ಲಿ ಅದರೊಳಗೆ ಈ ಲವಣ ಸೇರತೊಡಗುತ್ತದೆ. ಹತ್ತು ಹನ್ನೆರಡು ದಿನದಲ್ಲಿ ಕಲ್ಲಾಗುತ್ತದೆ. ಮೆತ್ತಗಿದ್ದಾಗ ಬ್ರಷ್ಷಿಗೆ ಬರುತ್ತದೆ. ಕಲ್ಲಾದ ಮೇಲೆ ಯಾವ ಬ್ರಷ್ಷಿಗೂ, ಯಾವ ಪುಡಿಗೂ ಬರುವುದಿಲ್ಲ.

ವಸಡಿನ ಕೆಳಗೆ ಇನ್ನೊಂದು ಬಗೆಯ ಕಲ್ಲಿತ್ತು. ಕಪ್ಪಗೆ, ಬೇರಿಗೆ ಗಟ್ಟಿಯಾಗಿ ಅಂಟಿಕೊಂಡದ್ದು. ವಸಡಿನಿಂದ ಒಸರುವ ದ್ರವ, ರಕ್ತ ಇವುಗಳಿಂದ ಅದಕ್ಕೆ ಆ ಬಣ್ಣ. ಆರೋಗ್ಯವಾದ ವಸಡಿನಲ್ಲಿ ಅಳತೆ ಕಡ್ಡಿ ಇಳಿಸಿದರೆ 1ರಿಂದ 3 ಮಿಲಿಮೀಟರ್ ಇಳಿಯುತ್ತದೆ. ಅಕ್ಕನಿಗೆ ಹೆಚ್ಚಿನ ಕಡೆ 5, 6 ಇಳಿಯಿತು. ಬಲಗಡೆ ಕೆಳಗಿನ ಒಂದು ದವಡೆ ಹಲ್ಲಿನಲ್ಲಿ 8. ಕಡ್ಡಿ ಮುಟ್ಟಿದಲ್ಲೆಲ್ಲ ರಕ್ತ. ಕೆಳಗಿನ ಮುಂದಿನ ಎರಡು ಹಲ್ಲು ಸ್ವಲ್ಪ ಅಲ್ಲಾಡುತ್ತಿದ್ದವು. ಎಕ್ಸ್‌ರೇಯಲ್ಲಿ ಮೂಳೆ ಇಳಿದದ್ದು ಸ್ಪಷ್ಟವಾಗಿತ್ತು. ಬರೀ ವಸಡು ಊದಿದ್ದರೆ ಅದು ಪೂರ್ತಿ ವಾಸಿಯಾಗುತ್ತದೆ. ಮೂಳೆ ಇಳಿದರೆ ಕ್ಲೀನಿಂಗಿನಿಂದ ಅದು ಮತ್ತೆ ಮೊದಲಿನ ಹಾಗೆ ಬೆಳೆಯುವುದಿಲ್ಲ. ಇಳಿಯುವುದನ್ನು ನಿಲ್ಲಿಸಬಹುದು, ಅಷ್ಟೇ.

ಅಕ್ಕ ಬೆಳಿಗ್ಗೆ ಒಂದು ಸಲ ಕೆಂಪು ಹಲ್ಲುಪುಡಿಯನ್ನು ಬೆರಳಲ್ಲಿ ಉಜ್ಜುತ್ತಿದ್ದರು. ಎಲೆ ಅಡಿಕೆಯ ಜೊತೆ ಕಡ್ಡಿಪುಡಿ (ತಂಬಾಕು) ಅಭ್ಯಾಸ. ಹುಳ ನಾಲ್ಕನೇ ಜ್ವರದಿಂದ (ಪೊರೆ ಬಿಡುವ ಹಂತ) ಎದ್ದ ಮೇಲೆ ರಾತ್ರಿಯೆಲ್ಲ ಸೊಪ್ಪು ಹಾಕಬೇಕು, ಆಗ ನಿದ್ದೆ ತಡೆಯೋಕೆ ಬೇಕಾಗುತ್ತೆ ಎಂದರು. ಅದರ ಜೊತೆ ಇನ್ನೊಂದು ಮಾತೂ ಹೇಳಿದರು. “ನಮ್ಮತ್ತೆ ಒಂದ್ಸಲ ಕ್ಲೀನ್ ಮಾಡಿಸಿದ್ರು. ಆಮೇಲೆ ಒಂದೊಂದೇ ಹಲ್ಲು ಅಲ್ಲಾಡಿ ಬಿದ್ದೋಯ್ತು.” ನಾನು ಹಾಗೇನಿಲ್ಲ ಅಕ್ಕ, ಹೆದರಬೇಡಿ ಎಂದು ಕೆಲಸಕ್ಕೆ ಕೈ ಹಾಕಿದೆ. ಆ ಮಾತಿಗೆ ನಾನು ಹತ್ತು ನಿಮಿಷ ಕೊಡಬೇಕಿತ್ತು.

ಮೊದಲ ದಿನದ ತೀರ್ಮಾನ

ನನ್ನ ಮುಂದೆ ಎರಡು ದಾರಿ ಇದ್ದವು. ವಸಡಿನ ಮೇಲಿನ ಕಲ್ಲು ತೆಗೆದು, ಅದೇ ವಾರ ಆಳದ್ದಕ್ಕೂ ದಿನ ಗೊತ್ತು ಮಾಡುವುದು ಒಂದು. ಈಗ ಮೇಲಿನದಷ್ಟು ಮಾಡಿ, ಆಳದ್ದನ್ನು ನಿಶ್ಚಿತಾರ್ಥ ಕಳೆದ ಮೇಲೆ ನೋಡೋಣ ಎನ್ನುವುದು ಇನ್ನೊಂದು. ಅಕ್ಕನ ಮನಸ್ಸೆಲ್ಲ ಸಮಾರಂಭದ ಮೇಲಿತ್ತು. ನಾನು ಎರಡನೆಯದನ್ನು ಆರಿಸಿದೆ.

ಅಲ್ಟ್ರಾಸಾನಿಕ್ ಸ್ಕೇಲರ್‌ನಲ್ಲಿ ಸುಮಾರು ಮುಕ್ಕಾಲು ಗಂಟೆ ಹಿಡಿಯಿತು. ಈ ಯಂತ್ರದ ಬಗ್ಗೆ ಜನರಲ್ಲಿ ಹೆದರಿಕೆ ಇದೆ, ಆದ್ದರಿಂದ ಅದು ಮಾಡುವ ಕೆಲಸ ಹೇಳಿಬಿಡುತ್ತೇನೆ. ಅದರ ತುದಿ ಸೆಕೆಂಡಿಗೆ 25,000 ಸಲಕ್ಕೂ ಹೆಚ್ಚು ಕಂಪಿಸುತ್ತದೆ. ಆ ನಡುಕಕ್ಕೆ ಕಲ್ಲು ಒಡೆದು ಬಿಡುತ್ತದೆ. ಜೊತೆಗೆ ಬೀಳುವ ನೀರು ತುದಿಯನ್ನು ತಣ್ಣಗಿಟ್ಟು ಚೂರುಗಳನ್ನು ತೊಳೆಯುತ್ತದೆ. ಅದು ಡ್ರಿಲ್ ಅಲ್ಲ, ಹಲ್ಲು ಕೊರೆಯುವುದಿಲ್ಲ. ಸರಿಯಾದ ಕೋನದಲ್ಲಿ, ಒತ್ತಡ ಹಾಕದೆ ಹಿಡಿದರೆ ಎನಾಮಲ್‌ಗೆ ಪೆಟ್ಟಾಗುವುದಿಲ್ಲ.

ಕೆಳಗಿನ ಹಲ್ಲಿನ ಹಿಂದಿನ ಕಟ್ಟೆ ಎರಡು ದೊಡ್ಡ ತುಂಡಾಗಿ ಬಂತು. ಅಕ್ಕನ ಕೈಗೆ ಕೊಟ್ಟೆ. “ಇಷ್ಟು ದೊಡ್ಡದಾ!” ಎಂದು ಆಶ್ಚರ್ಯಪಟ್ಟರು. ಖುಷಿಯಾಗಿ ಮನೆಗೆ ಹೋದರು. ಮುಂದಿನ ಪಟ್ಟೆ ಹೋಗುವುದಿಲ್ಲ ಎಂದು ಹೇಳಿದ್ದೆ, ಅದಕ್ಕೆ ಬೇಜಾರಾಗಲಿಲ್ಲ. ಆಳದ ಕ್ಲೀನಿಂಗಿಗೆ ಮತ್ತೆ ಬನ್ನಿ ಎಂದೆ. ದಿನಾಂಕ ಬರೆದು ಕೊಡಲಿಲ್ಲ.

ನಾಲ್ಕನೇ ದಿನ ಫೋನ್ ಬಂತು.

“ಡಾಕ್ಟ್ರೇ, ಹಲ್ಲಿನ ಮಧ್ಯೆ ಸಂದಿ ಬಿದ್ದಿದೆ. ಮೊದಲು ಗಟ್ಟಿಯಾಗಿತ್ತು, ಈಗ ನಾಲಿಗೆ ತಾಗಿದ್ರೂ ಅಲ್ಲಾಡ್ತಿದೆ. ತಣ್ಣೀರು ಕುಡಿದ್ರೆ ಜುಮ್ ಅನ್ನುತ್ತೆ. ಅತ್ತೆಗೆ ಆದ ಹಾಗೇ ಆಗ್ತಿದೆ ನನಗೂ.” ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, “ಆ ಕಲ್ಲನ್ನು ವಾಪಸ್ ಇಡೋಕಾಗುತ್ತಾ?”

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ಭಯ ಇತ್ತು. ನಾನು ಫೋನಿನಲ್ಲೇ ವಿವರಿಸಲು ನೋಡಿದೆ. ಸಂದಿ ಮೊದಲೂ ಇತ್ತು, ಕಲ್ಲು ಅದನ್ನು ತುಂಬಿತ್ತು. ಹಲ್ಲು ಮೊದಲೂ ಸಡಿಲವಾಗಿತ್ತು, ಕಲ್ಲು ಆರೂ ಹಲ್ಲನ್ನು ಸಿಮೆಂಟಿನ ಹಾಗೆ ಹಿಡಿದಿತ್ತು. ಊದಿದ ವಸಡು ಇಳಿದಾಗ ಬೇರಿನ ಸ್ವಲ್ಪ ಭಾಗ ಹೊರಗೆ ಕಾಣುತ್ತದೆ, ಆದ್ದರಿಂದ ಜುಮ್ ಎನ್ನುತ್ತದೆ, ಕೆಲವು ವಾರದಲ್ಲಿ ಕಡಿಮೆಯಾಗುತ್ತದೆ. ಹೇಳಿದ್ದೆಲ್ಲ ನಿಜ. ಆದರೆ ಆದ ಮೇಲೆ ಹೇಳಿದ ನಿಜ ನೆಪದ ಹಾಗೆ ಕೇಳಿಸುತ್ತದೆ ಅಲ್ವಾ? ಇವೇ ಮಾತನ್ನು ನಾಲ್ಕು ದಿನ ಮೊದಲು, ಕನ್ನಡಿ ಹಿಡಿದು ಹೇಳಿದ್ದರೆ ಅಕ್ಕ ಹಲ್ಲು ಅಲ್ಲಾಡಿದಾಗ “ಡಾಕ್ಟ್ರು ಹೇಳಿದ್ದೇ ಇದು” ಎಂದುಕೊಳ್ಳುತ್ತಿದ್ದರು. ಈಗ “ಡಾಕ್ಟ್ರು ಮಾಡಿದ್ದು ಇದು” ಎಂದುಕೊಂಡರು.

ಅಕ್ಕ ಮತ್ತೆ ಬರಲಿಲ್ಲ. ಎರಡು ಸಲ ಫೋನ್ ಮಾಡಿಸಿದೆ. ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದಿದೆ, ಚಂದ್ರಿಕೆ ತಟ್ಟೆಗೆ ಹಾಕ್ತಿದ್ದೀವಿ ಎಂದರು. ಆಮೇಲೆ ನಿಶ್ಚಿತಾರ್ಥ.

ಏಳು ವಾರದ ನಂತರ

ಬಂದಾಗ ಬಲಗೆನ್ನೆ ಊದಿತ್ತು. ಮೈ ಬೆಚ್ಚಗಿತ್ತು. 8 ಮಿಲಿಮೀಟರ್ ಇಳಿದಿತ್ತಲ್ಲ, ಆ ದವಡೆ ಹಲ್ಲಿನ ಪಕ್ಕ ಕೀವು ತುಂಬಿದ ಗಂಟು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನನ್ನಂತೆ ಸಣ್ಣ ಊರಿನಲ್ಲಿ ಕೆಲಸ ಮಾಡುವ ದಂತವೈದ್ಯರು ಇದನ್ನು ಮರೆಯಬಾರದು. ಮೇಲಿನ ಕಲ್ಲು ಮಾತ್ರ ತೆಗೆದು ಆಳದ್ದನ್ನು ಬಿಟ್ಟರೆ, ವಸಡಿನ ಅಂಚು ವಾಸಿಯಾಗಿ ಬಿಗಿಯಾಗುತ್ತದೆ. ಒಳಗೆ ಸೋಂಕು ಹಾಗೇ ಇರುತ್ತದೆ. ಹಲ್ಲಿಗೂ ವಸಡಿಗೂ ನಡುವೆ ಆದ ಆ ಆಳದ ಸಂದಿಯನ್ನು ನಾವು ಚೀಲ ಎನ್ನುತ್ತೇವೆ; ಬಾಯಿ ಕಟ್ಟಿದ ಚೀಲದೊಳಗೆ ಕೀವು ಸೇರಬಹುದು. ಎಲ್ಲರಿಗೂ ಹೀಗಾಗುವುದಿಲ್ಲ. ಆಳದ ಚೀಲ ಇದ್ದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಆಗುವ ಸಂಭವ ಜಾಸ್ತಿ.

ಸಕ್ಕರೆ ಕಾಯಿಲೆ. ಮೊದಲ ದಿನದ ಚೀಟಿ ತೆಗೆದು ನೋಡಿದೆ. “ಶುಗರ್: ಇಲ್ಲ” ಎಂದು ನನ್ನದೇ ಕೈಬರಹದಲ್ಲಿತ್ತು. ಈಗ ಬೇರೆ ಥರ ಕೇಳಿದೆ. “ಶುಗರ್ ಟೆಸ್ಟ್ ಯಾವಾಗ ಮಾಡಿಸಿದ್ರಿ ಅಕ್ಕ?” ಅಕ್ಕ ಯೋಚಿಸಿ, “ಕೊನೇ ಮಗು ಹುಟ್ಟಿದಾಗ ಇರಬೇಕು” ಎಂದರು. ಕೊನೆಯ ಮಗುವಿಗೆ ಈಗ ಹದಿನೇಳು. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಸಕ್ಕರೆ ಡೆಸಿಲೀಟರಿಗೆ 286 ಮಿಲಿಗ್ರಾಂ. ಮರುದಿನ ಲ್ಯಾಬಿನಿಂದ ಎಚ್‌ಬಿಎ1ಸಿ ಬಂತು, 9.1. ಆ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಶೇಕಡಾದಲ್ಲಿ ಹೇಳುತ್ತದೆ. 6.5 ಮತ್ತು ಮೇಲೆ ಇದ್ದರೆ ಮಧುಮೇಹ. ಅಂದರೆ ನನ್ನ ಕುರ್ಚಿಯಲ್ಲಿ ಮೊದಲ ದಿನ ಕೂತಾಗಲೇ ಅವರಿಗೆ ಅದು ಇತ್ತು.

ಸಕ್ಕರೆಗೂ ವಸಡಿಗೂ ಎರಡು ಕಡೆಯ ನಂಟು. ರಕ್ತದಲ್ಲಿ ಸಕ್ಕರೆ ಏರಿದ್ದರೆ ವಸಡಿನ ಸೋಂಕಿನ ಜೊತೆ ದೇಹ ಸರಿಯಾಗಿ ಹೋರಾಡುವುದಿಲ್ಲ, ಮೂಳೆ ಬೇಗ ಇಳಿಯುತ್ತದೆ. ವಸಡಿನಲ್ಲಿ ಸದಾ ಸೋಂಕಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಆಳದ ಕ್ಲೀನಿಂಗ್ ಆದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುವುದನ್ನು ಹಲವು ಅಧ್ಯಯನಗಳು ಕಂಡಿವೆ. ಮಾತ್ರೆಗೆ ಅದು ಬದಲಿ ಅಲ್ಲ, ಸಹಾಯ.

ಅವತ್ತು ಕೀವು ತೆಗೆದು ತೊಳೆದೆ. ಜ್ವರ ಇದ್ದದ್ದರಿಂದ, ಸಕ್ಕರೆ ಅಷ್ಟು ಏರಿದ್ದರಿಂದ ಐದು ದಿನ ಆಂಟಿಬಯಾಟಿಕ್ ಕೊಟ್ಟೆ. ಬರೀ ಕ್ಲೀನಿಂಗಿಗೆ ಸುಮ್ನೆ ಆಂಟಿಬಯಾಟಿಕ್ ಬರೆಯುವುದು ನನಗೆ ಒಪ್ಪಿಗೆ ಇಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಪತ್ರ ಬರೆದು ಕಳಿಸಿದೆ. ಅವರು ಮಾತ್ರೆ ಶುರು ಮಾಡಿದರು.

ಸಕ್ಕರೆ ಪೂರ್ತಿ ಇಳಿಯುವ ತನಕ ಕ್ಲೀನಿಂಗ್ ಮುಂದೂಡಬೇಕೇ? ಎರಡು ದಿನ ಯೋಚಿಸಿದೆ. ಆ ವೈದ್ಯರ ಹತ್ತಿರವೂ ಮಾತಾಡಿದೆ. ಮಾತ್ರೆಗೆ ಸಕ್ಕರೆ ಇಳಿಯತೊಡಗಿದ ಮೇಲೆ, ಮೂರನೇ ವಾರದಿಂದ ಶುರು ಮಾಡೋಣ ಎಂದು ಇಬ್ಬರೂ ಒಪ್ಪಿದೆವು. ಸೋಂಕನ್ನು ಒಳಗೇ ಇಟ್ಟುಕೊಂಡು ಸಕ್ಕರೆ ಇಳಿಯಲಿ ಎಂದು ಕಾಯುತ್ತಾ ಕೂತರೆ ಎರಡೂ ಆಗುವುದಿಲ್ಲ.

ಹುಳುಮನೆಯ ಮಾತು

ಕಷ್ಟದ ಕೆಲಸ ಇದಾಗಿರಲಿಲ್ಲ. ಅಕ್ಕ ಬಂದದ್ದು ನೋವಿಗಾಗಿ, ಕ್ಲೀನಿಂಗನ್ನು ನಂಬಿ ಅಲ್ಲ. “ಆ ಹಲ್ಲು ಕಿತ್ತಾಕಿ, ಮಿಕ್ಕಿದ್ದು ಮುಟ್ಟಬೇಡಿ” ಎಂದರು. ಮಧ್ಯದಲ್ಲಿ ಯಾರೋ ಹೇಳಿದರೆಂದು ಇದ್ದಿಲು, ಉಪ್ಪು ಸೇರಿಸಿ ಉಜ್ಜಿದ್ದರು. ಹೊರಗೆ ಕಾಣುತ್ತಿದ್ದ ಬೇರಿನ ಭಾಗ ಅದರಿಂದ ಇನ್ನಷ್ಟು ಸವೆದು, ಜುಮ್ ಎನ್ನುವುದು ಹೆಚ್ಚಾಗಿತ್ತು.

ಈ ಸಲ ನಾನು ಯಂತ್ರ ಮುಟ್ಟಲಿಲ್ಲ. ಎಕ್ಸ್‌ರೇ ಗೋಡೆಗೆ ಹಿಡಿದು ಮೂಳೆ ಎಲ್ಲಿರಬೇಕು, ಈಗ ಎಲ್ಲಿದೆ ತೋರಿಸಿದೆ. “ಇದು ಏಳು ವಾರದಲ್ಲಿ ಆಗೋದಲ್ಲ ಅಕ್ಕ. ವರ್ಷಗಳಿಂದ ಆಗಿದ್ದು. ಕಲ್ಲು ಮುಚ್ಚಿಟ್ಟಿತ್ತು. ತೆಗೆಯೋ ಮೊದಲು ಇದನ್ನ ನಾನು ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು” ಎಂದೆ. ಅಕ್ಕ ನನ್ನ ಮುಖ ನೋಡಿದರು. ಅತ್ತೆಯ ವಿಷಯ ಕೇಳಿದೆ. ಕ್ಲೀನ್ ಮಾಡಿಸಿದ ಮೇಲೆ ಅವರು ಮತ್ತೆ ಯಾವತ್ತಾದರೂ ಹೋಗಿದ್ದರಾ? ಇಲ್ಲ. ಉಜ್ಜುವ ರೀತಿ ಬದಲಾಯಿತಾ? ಇಲ್ಲ. ಸಕ್ಕರೆ ಇತ್ತಾ? “ಇತ್ತು” ಎಂದು ಅಕ್ಕನೇ ಹೇಳಿ ಸುಮ್ಮನಾದರು.

ಆಮೇಲೆ ಮಾತು ಹುಳುಮನೆಗೆ ಹೋಯಿತು. ಅದು ನನ್ನ ಯೋಜನೆ ಆಗಿರಲಿಲ್ಲ. ಯಾವಾಗ ಬರೋಕೆ ಆಗುತ್ತೆ ಎಂದು ಕೇಳಿದ್ದೆ ಅಷ್ಟೇ. ಅಕ್ಕ ಲೆಕ್ಕ ಹೇಳತೊಡಗಿದರು. ಚಾಕಿ ಹುಳ (ಮರಿ ಹುಳ) ಬರುವ ಮೊದಲು ಮನೆ ತೊಳೆಯಬೇಕು, ಬ್ಲೀಚಿಂಗ್ ಪುಡಿ ಹೊಡೆಯಬೇಕು, ತಟ್ಟೆ, ಚಂದ್ರಿಕೆ ಎಲ್ಲ ಬಿಸಿಲಿಗೆ ಹಾಕಬೇಕು. ಹುಳ ಬಂದ ಮೇಲೆ ಹಾಸಿಗೆ ಬದಲಿಸಬೇಕು, ಹಿಕ್ಕೆ ತೆಗೆಯಬೇಕು. ಒಂದು ಸಲ ತೊಳೆಯದೆ ಹುಳ ಇಟ್ಟು ಹಾಲು ತೊಂಡೆ ರೋಗ ಬಂದು ಇಡೀ ಬೆಳೆ ಹೋಗಿತ್ತಂತೆ.

“ಬೆಳೆ ಮುಗಿದ ಮೇಲೆ ಒಂದ್ಸಲ ಬ್ಲೀಚಿಂಗ್ ಹೊಡೆದ್ರೆ ಸಾಲದಾ? ದಿನಾ ಹಿಕ್ಕೆ ಯಾಕೆ ತೆಗೀಬೇಕು?” ಎಂದು ಕೇಳಿದೆ. ನಿಜವಾಗಿ ತಿಳಿಯಲೆಂದೇ ಕೇಳಿದ್ದು.

“ಅದೆಂಗೆ ಸಾಲುತ್ತೆ? ಅದು ಬೇರೆ, ಇದು ಬೇರೆ” ಎಂದರು. ಎಂದವರು ಅರ್ಧಕ್ಕೆ ನಿಲ್ಲಿಸಿದರು. “ಓ, ಇಲ್ಲೂ ಹಂಗೇನಾ” ಎಂದರು.

ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದ ಮಾತನ್ನು ಅಕ್ಕ ಒಂದೇ ಉಸಿರಲ್ಲಿ ಹಿಡಿದಿದ್ದರು. ಕ್ಲೀನಿಂಗ್ ಎಂದರೆ ಎರಡು ಬೆಳೆಗಳ ನಡುವೆ ಮನೆ ತೊಳೆಯುವುದು. ಬ್ರಷ್ ಎಂದರೆ ದಿನದ ಹಿಕ್ಕೆ ತೆಗೆಯುವುದು. ಒಂದು ಮಾಡಿದರೆ ಇನ್ನೊಂದು ಬೇಡ ಎಂದಲ್ಲ. 1965ರಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ಆರೋಗ್ಯವಂತ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡಿದ್ದರು. 10ರಿಂದ 21 ದಿನದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ವಸಡು ಕೆಡಿಸುವುದು ದಿನದಿನದ ಆ ಮೆತ್ತನೆಯ ಪದರ. ಕಲ್ಲು ಅದಕ್ಕೆ ಒರಟಾದ ಮನೆ ಕಟ್ಟಿಕೊಡುತ್ತದೆ, ಅಷ್ಟೇ. ಈ ಸಂಶೋಧನೆ ಅಕ್ಕನಿಗೆ ಹೇಳಬೇಕಾಗಿ ಬರಲಿಲ್ಲ.

ಕಡ್ಡಿಪುಡಿ ಬಿಡಿಸಿದ್ದೂ ಹುಳುವೇ. ರೇಷ್ಮೆ ಹುಳಕ್ಕೆ ತಂಬಾಕು ವಿಷ. ಕಡ್ಡಿಪುಡಿ ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟುವುದಿಲ್ಲ, ಸೋಪು ಹಾಕಿ ತೊಳೆದೇ ಒಳಗೆ ಹೋಗುವುದು ಎಂದು ಅಕ್ಕ ಹೇಳಿದ್ದರು. “ಹುಳಕ್ಕೆ ಆಗದ್ದನ್ನ ವಸಡಿನ ಪಕ್ಕ ರಾತ್ರಿಯೆಲ್ಲ ಇಟ್ಕೊಳ್ತೀರಲ್ಲ” ಎಂದೆ. ಉತ್ತರ ಬರಲಿಲ್ಲ. ಪೂರ್ತಿ ಬಿಡಲು ನಾಲ್ಕು ತಿಂಗಳು ಹಿಡಿಯಿತು. ಬಿಟ್ಟ ಮೊದಲ ವಾರಗಳಲ್ಲಿ ವಸಡಿನಿಂದ ರಕ್ತ ಜಾಸ್ತಿ ಬರಬಹುದು ಎಂದು ಈ ಸಲ ಮುಂಚೆಯೇ ಹೇಳಿದ್ದೆ. ತಂಬಾಕು ರಕ್ತನಾಳಗಳನ್ನು ಸಂಕುಚಿಸಿ ರಕ್ತ ಬರುವುದನ್ನು ಮರೆಮಾಡುತ್ತದೆ. ಬಿಟ್ಟ ಮೇಲೆ ನಿಜವಾದ ಸ್ಥಿತಿ ಕಾಣುತ್ತದೆ.

ಆಳದ ಕ್ಲೀನಿಂಗ್

ದಿನಾಂಕಗಳನ್ನು ಈ ಬಾರಿ ಬೆಳೆ ನೋಡಿ ಇಟ್ಟೆವು. ಗೂಡು ಶಿಡ್ಲಘಟ್ಟ ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಚಾಕಿ ಬರುವ ಮೊದಲು, ಕೈ ಬಿಡುವಿರುವ ಒಂದು ವಾರ ಸಿಗುತ್ತದೆ. ಆ ವಾರದಲ್ಲೇ ಎರಡು ಸಲ ಕರೆದೆ. ಮೊದಲ ಸಲ ಬಲಗಡೆ, ಮೂರು ದಿನ ಬಿಟ್ಟು ಎಡಗಡೆ. ನಮ್ಮ ಕ್ಯಾಲೆಂಡರಿಗೆ ರೋಗಿಯನ್ನು ಹೊಂದಿಸುವ ಬದಲು ಅವರ ಕೆಲಸದ ಸುತ್ತಿಗೆ ನಾವು ಹೊಂದಿಕೊಂಡರೆ ಎಷ್ಟು ಫೋನ್ ಉಳಿಯುತ್ತದೆ!

ಜಾಗ ಮರಗಟ್ಟಿಸಿ, ಮೊದಲು ಯಂತ್ರದ ಸಣ್ಣ ತುದಿಯಿಂದ, ಆಮೇಲೆ ಕೈಯಲ್ಲಿ ಹಿಡಿಯುವ ಕ್ಯೂರೆಟ್‌ನಿಂದ ಬೇರಿನ ಮೇಲಿನ ಕಪ್ಪು ಕಲ್ಲು ತೆಗೆದೆ. ಇದು ಕಣ್ಣಿಗೆ ಕಾಣುವ ಕೆಲಸ ಅಲ್ಲ. ಉಪಕರಣದ ತುದಿ ಬೇರಿನ ಮೇಲೆ ಜಾರುವಾಗ ಒರಟು ಸಿಕ್ಕಿತಾ, ನುಣುಪಾಯಿತಾ ಎಂದು ಬೆರಳಿಗೆ ಗೊತ್ತಾಗಬೇಕು. ಅವಸರ ಮಾಡುವಂತಿಲ್ಲ. ಒಂದೊಂದು ಸಲಕ್ಕೂ ಒಂದು ಗಂಟೆ ಮೀರಿತು. ಎರಡು ವಾರ ಕ್ಲೋರ್‌ಹೆಕ್ಸಿಡಿನ್ ಎಂಬ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿದೆ. ಅದನ್ನು ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ, ಬಾಟಲಿ ಮುಗಿದ ಮೇಲೆ ಮತ್ತೆ ಕೊಳ್ಳಬೇಡಿ ಎಂದೂ ಹೇಳಿದೆ.

ಮನೆಯ ಕೆಲಸ ಕಲಿಸಲು ಕನ್ನಡಿ ಮುಂದೆ ಕೂರಿಸಿದೆ. ಮೆತ್ತನೆಯ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್. ಫ್ಲೋರೈಡ್ ಎಂದ ಕೂಡಲೇ ಅಕ್ಕ ಬೆಚ್ಚಿದರು, ಸಹಜ. ನೀರಿನಲ್ಲಿ ಕುಡಿದು ಹೊಟ್ಟೆಗೆ ಹೋಗುವುದು ಬೇರೆ, ಉಜ್ಜಿ ಉಗಿಯುವುದು ಬೇರೆ ಎಂದು ಬಿಡಿಸಿ ಹೇಳಿದೆ. ದೊಡ್ಡವರಿಗೆ ಪಟ್ಟೆ ಬರುವುದಿಲ್ಲ, ಹಲ್ಲು ಬೆಳೆದು ಮುಗಿದಿದೆ. ಬ್ರಷ್ಷನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು, ಗೀಚದೆ, ಇದ್ದಲ್ಲೇ ಸಣ್ಣಗೆ ಅಲ್ಲಾಡಿಸಬೇಕು. ರಾತ್ರಿ ತಪ್ಪಿಸಬಾರದು. ಹಲ್ಲಿನ ನಡುವಿನ ಸಂದಿಗೆ ಮಾತ್ರ ಈ ಬ್ರಷ್ ಸಾಲದು. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯ ಹಾಗಿರುವ ಸಂದಿ ಬ್ರಷ್ ಕೊಟ್ಟೆ. ಯಾವ ಸಂದಿ ನೋಡಿ ಹೆದರಿದ್ದರೋ ಅದರೊಳಗೇ ಅದು ಸಲೀಸಾಗಿ ಹೋಯಿತು. ಹೋಗಿ ಬಂದಾಗ ತುದಿಯಲ್ಲಿ ಅಂಟಿದ ಬಿಳಿ ಪದರ ತೋರಿಸಿದೆ. ಮೂಸಿ ನೋಡಿ ಎಂದೆ. ಮೂಸಿದರು. ಆಮೇಲೆ ಹೆಚ್ಚು ಹೇಳಬೇಕಾಗಲಿಲ್ಲ.

ಆದದ್ದು

ಎಂಟು ವಾರದ ನಂತರ ಅಳೆದೆ. 5, 6 ಇದ್ದ ಹೆಚ್ಚಿನ ಜಾಗ 3, 4ಕ್ಕೆ ಬಂದಿತ್ತು. ರಕ್ತ ಬರುವ ಜಾಗ ಬೆರಳೆಣಿಕೆಯಷ್ಟು. ಕೆಳಗಿನ ಮುಂದಿನ ಹಲ್ಲುಗಳ ಅಲುಗಾಟ ಕಡಿಮೆಯಾಗಿತ್ತು. ಊತ ಇಳಿದ ಮೇಲೆ ಸಡಿಲ ಹಲ್ಲು ಸ್ವಲ್ಪ ಬಿಗಿಯಾಗುವುದುಂಟು. ಮೂರು ತಿಂಗಳಿಗೆ ಎಚ್‌ಬಿಎ1ಸಿ 7.3. ಅದರಲ್ಲಿ ದೊಡ್ಡ ಪಾಲು ಮಾತ್ರೆ ಮತ್ತು ಊಟದ್ದು. ವಸಡಿನದು ಎಷ್ಟೆಂದು ಬೇರೆ ಮಾಡಿ ಹೇಳಲಾಗದು.

ಎಲ್ಲವೂ ಉಳಿಯಲಿಲ್ಲ. ಬಲಗಡೆಯ ಆ ದವಡೆ ಹಲ್ಲಿನಲ್ಲಿ ಚೀಲ 7ರಲ್ಲೇ ನಿಂತಿತು. ಎರಡು ಬೇರುಗಳ ನಡುವಿನ ಮೂಳೆಯೇ ಹೋಗಿತ್ತು. ಬೆಂಗಳೂರಿನಲ್ಲಿ ವಸಡಿನ ತಜ್ಞರ ಹತ್ತಿರ ಶಸ್ತ್ರಚಿಕಿತ್ಸೆ ಮಾಡಿಸಿ ನೋಡಬಹುದು, ಉಳಿಯುವ ಭರವಸೆ ಕಡಿಮೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅಕ್ಕ ತೆಗೆಸಲು ತೀರ್ಮಾನಿಸಿದರು. ಮೊದಲ ಸಲವೇ ಆಳದ ಕ್ಲೀನಿಂಗ್ ಮಾಡಿದ್ದರೆ ಆ ಹಲ್ಲು ಉಳಿಯುತ್ತಿತ್ತೇ? ಬಹುಶಃ ಇಲ್ಲ. ಆದರೆ ಆ ಊತ, ಜ್ವರ, ಏಳು ವಾರದ ಭಯ ತಪ್ಪುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಮುಂದಿನ ಹಲ್ಲಿನ ಪಟ್ಟೆ ಹಾಗೇ ಇದೆ. ಮೇಲ್ಪದರ ಸ್ವಲ್ಪ ತೀಡಿ ಬಣ್ಣ ತಿಳಿ ಮಾಡುವ ವಿಧಾನ ಇದೆ ಎಂದು ಹೇಳಿದ್ದೆ. ಬೇಡ ಎಂದರು. ತವರಿನ ಕಡೆಯ ಮಕ್ಕಳ ಬಗ್ಗೆ ಮಾತ್ರ ವಿಚಾರಿಸಿದರು. ನೀರು ಪರೀಕ್ಷೆ ಮಾಡಿಸಿ, ಶುದ್ಧ ನೀರಿನ ಘಟಕದ ನೀರನ್ನೇ ಕುಡಿಸಿ, ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂದೆ. ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕಾಯಿಸಿ ಕುಡಿದರೆ ಸಾಕು ಎಂದು ನಂಬಿದವರು ನಮ್ಮಲ್ಲಿ ಇನ್ನೂ ಎಷ್ಟು ಜನ!

ಈ ಪ್ರಕರಣದ ನಂತರ ನನ್ನ ಕ್ಲಿನಿಕ್ಕಿನಲ್ಲಿ ಕೆಲವು ಬದಲಾವಣೆ ಆಗಿವೆ. ಕಲ್ಲು ಜಾಸ್ತಿ ಇರುವ ಯಾರಿಗೂ ಅಳತೆ, ಎಕ್ಸ್‌ರೇ, ಕನ್ನಡಿ ಮುಗಿಯದೆ ಯಂತ್ರ ಆನ್ ಮಾಡುವುದಿಲ್ಲ. ಸಂದಿ ಕಾಣುತ್ತದೆ, ಅಲುಗಾಟ ಗೊತ್ತಾಗುತ್ತದೆ, ಕೆಲವು ವಾರ ಜುಮ್ ಎನ್ನುತ್ತದೆ ಎಂದು ಮೊದಲೇ ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸುತ್ತೇನೆ. “ಶುಗರ್ ಇದೆಯಾ” ಎಂದು ಕೇಳುವುದನ್ನು ಬಿಟ್ಟು “ಯಾವಾಗ ಟೆಸ್ಟ್ ಮಾಡಿಸಿದ್ರಿ” ಎಂದು ಕೇಳುತ್ತೇನೆ. ಮೂವತ್ತು ದಾಟಿ ವಸಡು ಕೆಟ್ಟವರಿಗೆ ಅಲ್ಲೇ ಒಂದು ಹನಿ ರಕ್ತ ತೆಗೆದು ನೋಡುತ್ತೇನೆ. ಆಳದ ಚೀಲ ಇದ್ದರೆ ಮೇಲಿನ ಕ್ಲೀನಿಂಗಿನ ದಿನವೇ ಆಳದ್ದಕ್ಕೂ ದಿನಾಂಕ ಬರೆದು ಕೊಡುತ್ತೇನೆ. ಮದುವೆ, ಹಬ್ಬ ಏನೇ ಇರಲಿ.

ಮೊನ್ನೆ ಅಕ್ಕ ಬಂದಿದ್ದರು. ಮೂರು ತಿಂಗಳಿಗೊಮ್ಮೆ ಬರಬೇಕಾದದ್ದು ನಾಲ್ಕೂವರೆ ಆಗಿತ್ತು. ನಡುವೆ ಒಂದು ಬೆಳೆ ಚೆನ್ನಾಗಿ ಬಂದು ಬಿಡುವಾಗಲಿಲ್ಲ ಎಂದರು. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ದಾರದಷ್ಟು ತೆಳ್ಳಗೆ ಕಲ್ಲು ಕಟ್ಟಿತ್ತು, ಹತ್ತು ನಿಮಿಷದಲ್ಲಿ ಹೋಯಿತು. ಎಡಗಡೆ ಪೂರ್ತಿ ಚೊಕ್ಕಟ. ಬಲಗಡೆ, ಹಲ್ಲು ತೆಗೆದ ಖಾಲಿ ಜಾಗದ ಪಕ್ಕದ ಹಲ್ಲಿನ ಬದಿಯಲ್ಲಿ ಸ್ವಲ್ಪ ರಕ್ತ ಬಂತು. ಹಳೆಯ ಸಂದಿ ಬ್ರಷ್ ಅಲ್ಲಿಗೆ ಸಣ್ಣದಾಗುತ್ತಿತ್ತು. ಒಂದು ಸೈಜ್ ದೊಡ್ಡದು ಕೊಟ್ಟು, ಕನ್ನಡಿ ಹಿಡಿದು ಆ ಜಾಗವನ್ನು ಅವರ ಕೈಯಲ್ಲೇ ಎರಡು ಸಲ ತೆಗೆಸಿದೆ. ಹೊರಡುವಾಗ ಮುಂದಿನ ಚಾಕಿ ಯಾವಾಗ ಎಂದು ಕೇಳಿ ದಿನಾಂಕ ಬರೆದುಕೊಟ್ಟೆ.